ಗವರ್ನೆಸ್ ಲಕ್ಷಣ ವಿಚಾರ: ಗಾಳಿಬೀಡು ಪಂಥದ ಸಿದ್ಧಾಂತ

ದೊರೆಮಕ್ಕಳ ಜೊತೆಯಲ್ಲೇ ವಾಸವಿದ್ದು ಅವರಿಗೆ ನಡೆನುಡಿ, ಓದುಬರಹ ಮತ್ತು ಊಟದ ಮೇಜಿನ ಶಿಸ್ತುಗಳನ್ನು ಕಲಿಸುವ ಸಂಬಳದ ಶಿಕ್ಷಕಿಯೇ ಗವರ್ನೆಸ್ ಎಂದು ಪೂರ್ವಸೂರಿಗಳು ಹೇಳಿರುವ ಲಕ್ಷಣವು ಅವ್ಯಾಪ್ತಿದೋಷದಿಂದ, ಅಂದರೆ ಸೇರಬೇಕಾದವರನ್ನು ಹೊರಗೇ ಬಿಡುವ ದೋಷದಿಂದ ಕೂಡಿದೆಯೆಂದು ಮಡಿಕೇರಿ ಸಮೀಪದ ಗಾಳಿಬೀಡು ಪಂಥವು ವಾದಿಸುತ್ತದೆ. (ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಹುಟ್ಟಿದ ಪಂಥವಾದ್ದರಿಂದ ಅದರ ತರ್ಕ ಬಹಳ ಸೂಕ್ಷ್ಮ.) ಹುದ್ದೆಯ ಹೆಸರಿಲ್ಲದೆ, ಪಾಲಕರೆಂಬ ಘನವಾದ ಬಿರುದಿನಲ್ಲಿ ಅದೇ ಕೆಲಸ ಮಾಡಿದವರೂ ಇರುವುದರಿಂದ ಪಂಥವು ಲಕ್ಷಣವನ್ನು ಹೀಗೆ ಪರಿಷ್ಕರಿಸುತ್ತದೆ: ಹೆತ್ತವರಿಗೂ ಗುರುತು ಸಿಗದಂತೆ ಮಗುವನ್ನು ತಿದ್ದಿ, ಹಾಗೆ ತಿದ್ದಿದ್ದಕ್ಕಾಗಿ ಮಗುವಿನಿಂದಲೇ ಕೃತಜ್ಞತೆಯನ್ನು ನಿರೀಕ್ಷಿಸುವವಳು ಗವರ್ನೆಸ್.

ಇದಕ್ಕೆ ಉದಾಹರಣೆ ಗೌರಮ್ಮನ ಪಾಲನೆಯ ಕಥೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ರಾಜ್ಯವನ್ನು ಕಿತ್ತುಕೊಂಡು ಗಡೀಪಾರು ಮಾಡಿದ ಕೊಡಗಿನ ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ಮಗಳಾಗಿ, 1841ರಲ್ಲಿ ಕಾಶಿಯಲ್ಲಿ ಹುಟ್ಟಿದ ಈ ಕೊಡಗಿನ ರಾಜಕುಮಾರಿ, ಕಂಪನಿಯಿಂದ ತನ್ನ ಹಣ ವಸೂಲು ಮಾಡಲು ಹೊರಟ ತಂದೆಯೊಂದಿಗೆ 1852ರಲ್ಲಿ ಲಂಡನ್ ಸೇರಿದಳು. ತಂದೆಯ ಒಪ್ಪಿಗೆಯಿಂದಲೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ರೈಸ್ತ ದೀಕ್ಷೆ ಪಡೆದಾಗ, ವಿಕ್ಟೋರಿಯಾ ರಾಣಿಯು ಆಕೆಯ ಧರ್ಮಮಾತೆಯಾಗಿ, ಅಂದರೆ ಮಗುವಿನ ಧಾರ್ಮಿಕ ಹೊಣೆ ಹೊತ್ತವಳಾಗಿ, ತನ್ನ ಹೆಸರನ್ನೂ ದಯಪಾಲಿಸಿದಳು. ಹೊಣೆ ರಾಣಿಯದು, ಸಾಕುವ ಕೆಲಸ ಇತರರದು ಎಂಬ ಅರಮನೆಯ ನ್ಯಾಯದಂತೆ ಮಗು ಮೊದಲು ಡ್ರಮಂಡ್ ದಂಪತಿಯ ವಶಕ್ಕೆ, ಮುಂದೆ ಲೇಡಿ ಲಾಗಿನ್ ಎಂಬ ಗೃಹಿಣಿಯ ವಶಕ್ಕೆ ಹೋಯಿತು.

ವರಾನ್ವೇಷಣೆ, ಅರ್ಥಾತ್ ಗಂಡು ಹುಡುಕುವುದು, ಗವರ್ನೆಸ್ ಧರ್ಮದ ಅಂಗವೇ ಎಂಬ ಪ್ರಶ್ನೆಗೆ ಪಂಥವು ಹೌದೆಂದೇ ಉತ್ತರಿಸುತ್ತದೆ. ಲಾಗಿನ್ ದಂಪತಿಯೇ ಸಾಕಿದ, ರಾಜ್ಯ ಕಳೆದುಕೊಂಡ ಪಂಜಾಬಿನ ಮಹಾರಾಜ ದುಲೀಪ್ ಸಿಂಗನಿಗೆ ಗೌರಮ್ಮನನ್ನು ಕೊಡಬೇಕೆಂಬ ರಾಣಿಯ ಇಚ್ಛೆ, ಅಂದರೆ ಎರಡು ಕಳೆದುಹೋದ ರಾಜ್ಯಗಳನ್ನು ಕೂಡಿಸುವ ಗಣಿತ, ಫಲಿಸಲಿಲ್ಲ. 1860ರಲ್ಲಿ ಆಕೆ ವರಿಸಿದ್ದು ತನಗಿಂತ ಸುಮಾರು ಮೂವತ್ತು ವರ್ಷ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು. ಆತ ಲೇಡಿ ಲಾಗಿನ್‌ಳ ಒಡಹುಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬ. ವರನು ಪಾಲಕಿಯ ತವರಿನಲ್ಲೇ ದೊರೆತರೆ ಹುಡುಕಾಟದ ಖರ್ಚು ಉಳಿಯುತ್ತದೆ ಎಂಬುದನ್ನು ಶಾಸ್ತ್ರವು ನಿರಾಕರಿಸುವುದಿಲ್ಲ.

ಇಲ್ಲೊಂದು ಆಕ್ಷೇಪ: ಗಾಳಿಬೀಡಿನಲ್ಲೇ ಇರುವ ಜವಾಹರ ನವೋದಯ ವಿದ್ಯಾಲಯವೂ ಹೆಚ್ಚುಕಡಿಮೆ ಅದೇ ವಯಸ್ಸಿನ ಮಕ್ಕಳನ್ನು ಮನೆಯಿಂದ ದೂರವಿಟ್ಟು ತಿದ್ದುವುದರಿಂದ ಲಕ್ಷಣವು ಅದಕ್ಕೂ ಅನ್ವಯಿಸಿ ಅತಿವ್ಯಾಪ್ತಿಯಾಗುವುದಿಲ್ಲವೇ? ಆಗುವುದಿಲ್ಲ. ಅಲ್ಲಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು, ಸೇರಿದವರು ರಜೆಗೆ ಮನೆಗೆ ಬರುತ್ತಾರೆ. ಗೌರಮ್ಮನಿಗೆ ಪರೀಕ್ಷೆಯೂ ಇರಲಿಲ್ಲ, ರಜೆಯೂ ಇರಲಿಲ್ಲ. ಇಪ್ಪತ್ತಮೂರು ತುಂಬುವ ಮೊದಲೇ, 1864ರಲ್ಲಿ ತೀರಿಕೊಂಡ ಆಕೆಯನ್ನು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು.