ಫೂತ್ಕಾರದಿಂದ ಸಾಕ್ಷಾತ್ಕಾರದವರೆಗೆ: ಪಂಚತಾಲೂಕು ವಿಡಿಯೊ ಗೇಮ್ ಮೀಮಾಂಸೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಎಂಬ ಪಂಚತಾಲೂಕು ಪರಿಸರದ ಬಾಲಲೋಕವು ತೊಂಬತ್ತರ ದಶಕದಲ್ಲಿ ದೂರದರ್ಶನ ಯಂತ್ರದೊಂದಿಗೆ ನಡೆಸಿದ ಗುಂಡಿಕೇಂದ್ರಿತ ಅನುಸಂಧಾನವನ್ನು ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಆಶಯ. ವಿಡಿಯೊ ಗೇಮ್ ಆಡುತ್ತಿದ್ದೆವು ಎಂದರೂ ಅರ್ಥವಾಗುತ್ತಿತ್ತು. ಆದರೆ ಹಾಗೆ ಹೇಳಿದವರಿಗೆ ಶಾಲು ಹೊದಿಸುವ ಪದ್ಧತಿ ನಮ್ಮಲ್ಲಿಲ್ಲ.

ಮೊದಲು ಆಕರ ವಿಚಾರ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಪೆಟ್ಟಿಗೆ ಹೊರತಂದಿತು. ನಮ್ಮೂರಿಗೆ ಬಂದದ್ದು ಅದರ ನಕಲು. ಶಾಸ್ತ್ರೀಯವಾಗಿ ಹೇಳುವುದಾದರೆ ಪಾಠಾಂತರ. ಮೂಲಪ್ರತಿಯನ್ನು ಯಾರೂ ಕಂಡಿರಲಿಲ್ಲವಾಗಿ ಪಾಠಭೇದದ ಜಗಳವೂ ಇರಲಿಲ್ಲ. ಕ್ಯಾಸೆಟ್ಟು ಓಡದಿದ್ದರೆ ಹೊರತೆಗೆದು, ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದೇ ಫೂತ್ಕಾರ ವಿಧಿ. ಆಟ ಶುರುವಾಗುತ್ತಿದ್ದದ್ದು ತೆಗೆದು ಹಾಕಿದ್ದರಿಂದಲೇ ಹೊರತು ಊದಿದ್ದರಿಂದಲ್ಲ; ಊದಿದ ಎಂಜಲಿಗೆ ಒಳಗಿನ ತಗಡು ಕಿಲುಬು ಹಿಡಿಯುತ್ತಿತ್ತು. ಉದ್ಘಾಟನಾ ಭಾಷಣಗಳೂ ಹೀಗೆಯೇ, ಇರಲಿ.

ಇನ್ನು ವರ್ಗೀಕರಣ. ಒಂದು, ರಥಚಲನಾತ್ಮಕ: ಕೊಟ್ಟೂರು ತೇರಿನ ಊರಾದ್ದರಿಂದ ‘ಎಕ್ಸೈಟ್‌ಬೈಕ್’ ಅಲ್ಲಿಗೆ ಸಲ್ಲುತ್ತದೆ. ಅತಿಯಾಗಿ ಓಡಿಸಿದರೆ ಎಂಜಿನ್ ಕಾದು ಬೈಕು ದಾರಿಪಕ್ಕ ನಿಂತುಬಿಡುತ್ತದೆ. ಎರಡು, ಆರೋಹಣಾತ್ಮಕ: ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾರೆ, ‘ಐಸ್ ಕ್ಲೈಂಬರ್’ ಆಟದಲ್ಲೂ ಏರುವುದಿದೆ, ಆದ್ದರಿಂದ ಸಂಬಂಧವಿದೆ. ಇದಕ್ಕಿಂತ ಬಡಕಲು ಆಧಾರದ ಮೇಲೆ ಡಾಕ್ಟರೇಟ್ ಪಡೆದವರನ್ನು ಬಲ್ಲೆ. ಮೂರು, ಸ್ಥಾನಪಲ್ಲಟಾತ್ಮಕ: ಹರಪನಹಳ್ಳಿಯು ಕೂತಲ್ಲಿಂದ ಏಳದೆ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, ಆಮೇಲೆ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಲೆವೆಲ್ ದಾಟಿದೆ. ಇಂಥ ಆಟ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ನಾಲ್ಕು... ಸಾಕು. ಹಗರಿಬೊಮ್ಮನಹಳ್ಳಿಯವರು ಕ್ಷಮಿಸಬೇಕು, ನಿಮ್ಮ ವರ್ಗ ಬಾಕಿ ಉಳಿಯಿತು.

ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಬರೆದಿರುತ್ತಿತ್ತು. ಹಾಕಿ ನೋಡಿದರೆ ಅವೇ ಹಿಡಿಯಷ್ಟು ಆಟಗಳು, ಹೆಸರು ತಿರುಚಿ, ಶುರುವಿನ ಲೆವೆಲ್ ಬದಲಿಸಿ. ಕೆಲವು ವಿದ್ವಾಂಸರ ಪ್ರಕಟಣೆಗಳ ಪಟ್ಟಿ ಓದುವಾಗಲೆಲ್ಲ ಈ ಕ್ಯಾಸೆಟ್ಟು ನೆನಪಾಗುತ್ತದೆ. ಆದರೆ ಆ ಹಿಡಿಯಷ್ಟು ಆಟಗಳು ನಿಜಕ್ಕೂ ಒಂದರಂತೆ ಒಂದಿರಲಿಲ್ಲ. ‘ಡಕ್ ಹಂಟ್’ನ ಬಂದೂಕಿನಿಂದ ಏನೂ ಹೊರಡುವುದಿಲ್ಲ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕವೊಂದು ಮಿಂಚುತ್ತದೆ. ಬಂದೂಕು ಅದನ್ನು ನೋಡುತ್ತದೆ. ಗುಂಡು ಹಾರಿಸದೆ ನೋಡುವ ಬಂದೂಕು! 1985ರ ‘ಸೂಪರ್ ಮಾರಿಯೊ’ ಇಡಿಯಾಗಿ 40 ಕಿಲೊಬೈಟ್. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ‘ಟ್ಯಾಂಕ್’ ಆಟದಲ್ಲಿ ಜೊತೆಗಾರನಿಗೇ ಗುಂಡು ತಾಗಿದರೆ ಅವನು ಸ್ವಲ್ಪ ಹೊತ್ತು ಕಲ್ಲಾಗಿ ನಿಲ್ಲುತ್ತಿದ್ದ. ಅಣ್ಣತಮ್ಮಂದಿರ ಎಷ್ಟು ಹೊಡೆದಾಟಗಳು ಅಲ್ಲಿಂದ ಶುರುವಾದವೋ.

ಈ ಪ್ರಬಂಧಕ್ಕೆ ಕಾರಣ ಹೇಳಿಬಿಡುತ್ತೇನೆ. ಒಂದು ವಿಚಾರ ಸಂಕಿರಣದಲ್ಲಿ ಸ್ವಾಗತ, ದೀಪ, ಹಾರ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಊಟವಾದ ಮೇಲೆ ಒಬ್ಬರು ಎದ್ದು, ಹಿಂದುಳಿದ ತಾಲೂಕುಗಳ ಮಕ್ಕಳು ತಂತ್ರಜ್ಞಾನದ ‘ನಿಷ್ಕ್ರಿಯ ಗ್ರಾಹಕರು’ ಎಂದು ಓದಿ, ಟಿ.ಎ. ಫಾರಂಗೆ ಸಹಿ ಹಾಕಿ ಹೋದರು.

ನಿಷ್ಕ್ರಿಯರಂತೆ! ಟ್ಯಾಂಕ್ ಆಟದಲ್ಲಿ ‘ಕನ್‌ಸ್ಟ್ರಕ್ಷನ್’ ಅಂತ ಒಂದಿತ್ತು. ಅದೇನೆಂದು ಹೇಳಿಕೊಡುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಒತ್ತಿ ಒತ್ತಿ ನಾವೇ ಕಂಡುಕೊಂಡೆವು: ಇಟ್ಟಿಗೆ, ಉಕ್ಕು, ನೀರು, ಗಿಡ ಬೇಕಾದಲ್ಲಿ ಇಟ್ಟು ನಮ್ಮದೇ ರಣರಂಗ ಕಟ್ಟಬಹುದು. ಒಂದು ಮಧ್ಯಾಹ್ನ ನಾನೂ ಅಕ್ಕನೂ ಕೂಡ್ಲಿಗಿಯ ನಮ್ಮ ಓಣಿಯನ್ನೇ ಕಟ್ಟಿದೆವು. ಆಟದಲ್ಲಿ ಕಾಯಬೇಕಾದ, ಹದ್ದಿನ ಗುರುತಿದ್ದ ಜಾಗ ನಮ್ಮ ಮನೆ, ಸುತ್ತ ಉಕ್ಕಿನ ಗೋಡೆ, ಬಾವಿಗೆ ಒಂದು ಚೌಕ ನೀರು. ಕಟ್ಟಿದ್ದನ್ನು ಉಳಿಸಿಡಲು ಅದರಲ್ಲಿ ದಾರಿ ಇರಲಿಲ್ಲ. “ಲೇ, ಮುಟ್ಟಬ್ಯಾಡ, ಅವ್ವ ಬಂದು ನೋಡ್ಲಿ” ಅಂದಳು ಅಕ್ಕ. ಅವ್ವ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ಮತ್ತೆ ಕಟ್ಟಿದೆವು. ಅದರ ಮರುದಿನವೂ.

ಅಕ್ಕನಿಗೆ ಎಸ್ಸೆಸ್ಸೆಲ್ಸಿ ಆದ ವರ್ಷವೇ ಮದುವೆ ಮಾಡಿದರು. ಆ ಪೆಟ್ಟಿಗೆ ಯಾವಾಗ ಗುಜರಿಗೆ ಹೋಯಿತೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅವಳಿಗೆ ಮಾತ್ರ ಬಾವಿ ಎಲ್ಲಿತ್ತೆಂದು ಇವತ್ತಿಗೂ ಗೊತ್ತು. ಎಡಗಡೆಯಿಂದ ನಾಲ್ಕನೇ ಚೌಕ.

ಈ ಐದು ತಾಲೂಕುಗಳಲ್ಲಿ ಯಾರ ಅಟ್ಟದ ಮೇಲಾದರೂ ಅಂಥ ಪೆಟ್ಟಿಗೆ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಅಡಾಪ್ಟರ್ ಸುಟ್ಟಿದ್ದರೂ ಪರವಾಗಿಲ್ಲ. ಕ್ಯಾಸೆಟ್ಟನ್ನು ಮಾತ್ರ ಊದಬೇಡಿ.