ಬಾಯಿ ತಪ್ಪಿದ್ದು, ಕೈ ತಪ್ಪಿದ್ದು

ನಮ್ಮ ಹಿತ್ತಲಕ್ಕೂ ಪಕ್ಕದ ಮನಿ ಕಾಕಿಯ ಹಿತ್ತಲಕ್ಕೂ ನಡುವೆ ಎದೆಮಟ್ಟದ ಒಂದು ಮುಳ್ಳುಬೇಲಿ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಕಾಕಿ ಆ ಕಡೆ ಗೋಣಿತಟ್ಟು ಹಾಸಿ ತುಂಬು ಬಿಡಿಸುತ್ತ ಕೂಡುತ್ತಾಳೆ. ನಾನು ಈ ಕಡೆ ಚಹಾ ಕುಡಿಯುತ್ತ ನಿಲ್ಲುತ್ತೇನೆ. ಬ್ಯಾಡಗಿ ಕಾಯಿಯ ಘಾಟಿಗೆ ಇಬ್ಬರೂ ಒಂದೊಂದು ಸಲ ಸೀನುತ್ತೇವೆ, ಮಾತು ಸುರು ಆಗುತ್ತದೆ.

ಮೊನ್ನೆ ಆಕೆಯ ಮೊಮ್ಮಗ ನೋಟಬುಕ್ಕು ಹಿಡಿದು ಬೇಲಿ ಹತ್ತಿರ ಬಂದ. ಇಂಗ್ಲಿಷ್ ಸಾಲಿಗೆ ಹೋಗುವ ಹುಡುಗ. ಐದು ಇಂಗ್ಲಿಷ್ ಶಬ್ದಕ್ಕೆ ಕನ್ನಡ ಅರ್ಥ ಬರೆದುಕೊಂಡು ಹೋಗಬೇಕಿತ್ತು: ಸ್ಲಿಪ್, ಮಿಸ್ಟೇಕ್, ಎರರ್, ಫಾಲ್ಟ್, ಬ್ಲಂಡರ್. ಅವನು ಬರೆದದ್ದು ಹೀಗೆ: ತಪ್ಪು, ತಪ್ಪು, ತಪ್ಪು, ತಪ್ಪು, ದೊಡ್ಡ ತಪ್ಪು.

"ಮಾಮಾ, ಕನ್ನಡದಾಗ ಇದೊಂದ ಶಬ್ದ ಐತೇನು?" ಅಂದ.

ಆ ಪ್ರಶ್ನೆ ನನಗೆ ನಟ್ಟಿತು. ನಾನು ಬಾಯಿ ತೆಗೆಯುವುದರೊಳಗೆ ಕಾಕಿ ತಲೆ ಎತ್ತದೆ ಅಂದಳು: "ಒಂದ್ಯಾಕಪ್ಪಾ, ನಿಮ್ಮಜ್ಜ ದಿನಾ ನಾಕ ನಮೂನಿ ಮಾಡತಾನ. ನಾಕಕ್ಕೂ ಬ್ಯಾರೆ ಬ್ಯಾರೆ ಹೆಸರ ಅದಾವು."

ಹುಡುಗ ಬೇಲಿ ಬುಡದಲ್ಲೇ ಕೂತ. ಮೊದಲು ಸ್ಲಿಪ್ ಹಿಡಿದೆವು. ಕಾಕಿ ಬೆರಳು ಮಡಚುತ್ತ ಹೋದಳು: ಬಾಯಿ ತಪ್ಪಿ ಅಂದೆ, ಕೈ ತಪ್ಪಿ ಬಿತ್ತು, ಕಣ್ಣು ತಪ್ಪಿ ಉಳೀತು, ಕಾಲು ತಪ್ಪಿ ಬಿದ್ದೆ. ನಾನು ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಆದರೆ ಒಂದರ ಹಿಂದೊಂದು ಕೇಳಿದ್ದು ಆವತ್ತೇ. ಬಸ್ಸು ತಪ್ಪುತ್ತದೆ, ದಾರಿ ತಪ್ಪುತ್ತದೆ, ಎಚ್ಚರ ತಪ್ಪುತ್ತದೆ. ಬರಬೇಕಿದ್ದ ಕಂಟಕವೂ ತಪ್ಪುತ್ತದೆ. ಇರಬೇಕಾದ ಜಾಗದಿಂದ ಜಾರಿತು, ಸಿಗಬೇಕಾದದ್ದು ಸಿಗಲಿಲ್ಲ, ಇಷ್ಟೇ ಆ ಕ್ರಿಯಾಪದದ ಅರ್ಥ. ತಮಿಳರಿಗೂ ತೆಲುಗರಿಗೂ ಇದು ನಮ್ಮ ಜೊತೆ ಹಂಚಿ ಬಂದ ಶಬ್ದ. ತಪ್ಪು ಅನ್ನುವ ಹೆಸರು ಹುಟ್ಟಿದ್ದೇ ಈ ಜಾರುವಿಕೆಯಿಂದ. ಅದರಲ್ಲಿ ಮೊದಲಿಗೆ ಕೇಡುತನ ಇಲ್ಲ, ಪಾಪವೂ ಇಲ್ಲ. ಸಾಲಿಯಲ್ಲಿ ಕೆಂಪು ಪೆನ್ನಿನ ಗೀಟು ಬಿದ್ದೊಡನೆ ಮುಖ ಸಣ್ಣ ಮಾಡಿಕೊಳ್ಳುವ ಹುಡುಗನಿಗೆ ಇದನ್ನು ಹೇಳಲೇಬೇಕು ಅನ್ನಿಸಿತು, ಹೇಳಿದೆ.

"ಹಂಗಾರ ಕಳವು ಮಾಡಿದ್ರೂ ತಪ್ಪ ಅಂತಾರಲ್ಲ?" ಅಂದ.

ಅದಕ್ಕೆ ನಮ್ಮ ಕಡೆ ಗುನ್ಹೆ ಇದೆ. ಪೊಲೀಸ್ ಸ್ಟೇಷನ್ನಿನಲ್ಲಿ ಇವತ್ತಿಗೂ ಗುನ್ಹಾ ನಂಬರು ಅಂತಲೇ ಬರೆಯುತ್ತಾರೆ. ಪಾರ್ಸಿಯಿಂದ ಬಂದ ಶಬ್ದ. ನಮ್ಮ ಧಾರವಾಡ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು, ಪಕ್ಕದ ಕುಂದಗೋಳ ಜಮಖಂಡಿ ಸಂಸ್ಥಾನದ್ದು. ಕಚೇರಿಯ ಕಾಗದಪತ್ರದ ಜೊತೆ ಗುನ್ಹೆ, ಕಸೂರು, ಚೂಕ ಎಲ್ಲ ಮನೆಯೊಳಗೆ ಬಂದು ನಮ್ಮವೇ ಆದವು. ಇವುಗಳಲ್ಲಿ ನನಗೆ ಬಹಳ ಪ್ರೀತಿಯದು ಗೈರಸಮಜು. ಒಬ್ಬರು ಅಂದದ್ದು ಒಂದು, ಇನ್ನೊಬ್ಬರು ತಿಳಿದದ್ದು ಇನ್ನೊಂದು. ಇಂಗ್ಲಿಷಿನ ಮಿಸ್ಟೇಕ್ ಒಡೆದು ನೋಡಿದರೂ ಒಂದನ್ನು ಇನ್ನೊಂದೆಂದು ತೆಗೆದುಕೊಂಡೆ ಅನ್ನುವುದೇ ಸಿಗುತ್ತದೆ. "ಗೈರಸಮಜು ಮಾಡ್ಕೋಬ್ಯಾಡ್ರಿ" ಅಂದು ನಮ್ಮ ಓಣಿಯಲ್ಲಿ ಎಷ್ಟು ಜಗಳ ಅಲ್ಲಿಗಲ್ಲಿಗೆ ನಿಂತಿವೆ!

ಫಾಲ್ಟಿಗೆ ಕಾಕಿ ತಡಮಾಡಲಿಲ್ಲ. "ಐಬು. ಎತ್ತ ತರೂಮುಂದ ನೋಡೂದಿಲ್ಲೇನು? ಕಾಲಾಗ ಐಬು, ಕೋಡಿನಾಗ ಐಬು." ಎತ್ತು ಏನೂ ಮಾಡಿಲ್ಲ, ಆದರೂ ಐಬು ಇದೆ. ಯಂತ್ರಕ್ಕೂ ವೈರಿಗೂ ಫಾಲ್ಟ್ ಅನ್ನುವುದು ಇದೇ ಅರ್ಥಕ್ಕೆ. ಹುಡುಗ ಬರೆದುಕೊಂಡ.

ಎರರ್ ಬಂದಾಗ ಮಾತು ಹೊಲಕ್ಕೆ ಹೋಯಿತು. ಲ್ಯಾಟಿನ್ನಿನಲ್ಲಿ ಅದರ ಮೂಲದ ಅರ್ಥ ಅಲೆಯುವುದು, ದಾರಿ ಬಿಟ್ಟು ಅಡ್ಡಾಡುವುದು. ನಾನು ಇದನ್ನು ಹೇಳಿದೊಡನೆ ಕಾಕಿ "ಸಾಲು ತಪ್ಪಿದಂಗ" ಅಂದಳು. ಎರಿಹೊಲದಲ್ಲಿ ಕೂರಿಗಿ ಹೊಡೆಯುವವನು ಕಣ್ಣು ಎತ್ತಿ ದೂರದ ಒಂದು ಗಿಡ ಹಿಡಿದು ಹೋಗಬೇಕು. ಎತ್ತು ಒಂದು ಗೇಣು ಸರಿದರೂ ಸಾಲು ಸೊಟ್ಟ. ಬೀಜ ಬಿಡುವ ಹೆಣ್ಣುಮಗಳ ಬೆರಳು ಒಂದೇ ಹದದಲ್ಲಿ ಆಡಬೇಕು, ಕೂರಿಗಿ ತೂತಿನಲ್ಲಿ ಹಸಿಮಣ್ಣು ಕಟ್ಟಿದರೆ ಅವಳಿಗೆ ಗೊತ್ತೇ ಆಗುವುದಿಲ್ಲ, ಬೀಜ ಮೇಲೇ ನಿಂತುಬಿಡುತ್ತದೆ. ಆವತ್ತು ಹೊಲ ನೋಡಿದರೆ ಎಲ್ಲ ಒಂದೇ ಕಪ್ಪು. ವಾರ ಕಳೆದು ಮೊಳಕೆ ಎದ್ದಾಗ ಹಸುರಿನ ನಡುವೆ ಉದ್ದಕ್ಕೆ ಒಂದು ಕರಿ ಗೆರೆ ಕಾಣುತ್ತದೆ, ರಸ್ತೆ ಮೇಲೆ ಹೋಗುವವರೆಲ್ಲ ಓದುವಂತೆ. ಕಾಕಿ ಮದುವೆಯಾಗಿ ಬಂದ ವರ್ಷ ಬಿಟ್ಟ ಬೀಜದಲ್ಲಿ ಹೀಗೆ ಎರಡು ಸಾಲು ಹುಸಿ ಹೋದವಂತೆ. "ನಮ್ಮತ್ತಿ ಬೈಲಿಲ್ಲ ತಮ್ಮಾ. ಒಂದ ಮುಟಗಿ ಹೆಸರು ಉಡಿಯಾಗ ಹಾಕಿ, ನಡಿ ಕುಣಿ ತಗದು ಹಾಕಿ ಬರೂಣು ಅಂದ್ಲು. ಇಬ್ರೂ ಬಗ್ಗಿ ಬಗ್ಗಿ ಆ ಎರಡ ಸಾಲು ತುಂಬಿದ್ವಿ." ಹೇಳುವಾಗ ಅವಳ ಕೈ ತುಂಬು ಬಿಡಿಸುವುದು ನಿಂತಿತ್ತು.

"ಅತ್ತಿ ಒಡದ ಗಡಗಿಗೆ ಬೆಲಿ ಇಲ್ಲ" ಅನ್ನುವ ಗಾದೆ ನಮ್ಮಲ್ಲಿದೆ. ಒಂದೇ ತಪ್ಪನ್ನು ಯಾರು ಮಾಡಿದರು ಅನ್ನುವುದರ ಮೇಲೆ ತೂಗುವ ಅನ್ಯಾಯವನ್ನು ಸೊಸೆಯಂದಿರು ಐದು ಶಬ್ದದಲ್ಲಿ ಹೇಳಿಟ್ಟಿದ್ದಾರೆ. ಕಾಕಿಯ ಅತ್ತೆ ಆ ಗಾದೆಗೆ ಸಿಗದ ಹೆಣ್ಣುಮಗಳು.

ನಮ್ಮ ಸೀಮೆಯಲ್ಲಿ ಇನ್ನೊಂದು ಜಾಗದಲ್ಲಿ ತಪ್ಪಿಗೆ ಬಹಳ ಸೂಕ್ಷ್ಮ ಹೆಸರುಗಳಿವೆ, ಹಾಡಿನಲ್ಲಿ. ಗಾಯಕ ಸವಾಯಿ ಗಂಧರ್ವರ ಮೂಲ ಹೆಸರು ರಾಮಚಂದ್ರ ಕುಂದಗೋಳಕರ ಸಂಶಿ. ನಮ್ಮೂರು ಸಂಶಿ ಅವರ ಹೆಸರಿನೊಳಗೇ ಇದೆ. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬರುತ್ತಿದ್ದರು. ಆ ಹಳಿಯೇ ಮುಂದೆ ನಮ್ಮ ಸ್ಟೇಷನ್ನಿಗೆ ಬರುವುದು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ನಡೆಯುತ್ತದೆ, ಅಲ್ಲಿ ನೆಲದ ಮೇಲೆ ಕೂತು ಕೇಳುವ ರೈತರಿಗೂ ಸುರ ಬಿಟ್ಟದ್ದು ಬೇರೆ, ತಾಳ ತಪ್ಪಿದ್ದು ಬೇರೆ, ಸಮ್ಮಿಗೆ ಬರದೇ ಹೋದದ್ದು ಬೇರೆ ಎಂದು ಗೊತ್ತು. ಹಾಡುವವರು ಎಷ್ಟು ದೂರ ಅಡ್ಡಾಡಿದರೂ ತಾಳದ ಮೊದಲ ಪೆಟ್ಟಿಗೆ ಬಂದು ಕೂಡಿದರೆ ಅದು ದಾರಿ ತಪ್ಪಿದ್ದಲ್ಲ. ಎರರ್ ಎಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಪುಸ್ತಕದ ಮಾತು ಬಂತು. ಜರ್ಮನಿಯಿಂದ 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಇದೇ ಧಾರವಾಡ, ಹುಬ್ಬಳ್ಳಿ ಕಡೆ ಜನರ ಬಾಯಿಂದ ಕನ್ನಡ ಕೇಳಿ ಕಲಿತವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು, ಸುಮಾರು 70,000 ಶಬ್ದ. ಅವರು ಕನ್ನಡ ಶಬ್ದವನ್ನು ಮೊದಲು ಇಟ್ಟು, ಅದಕ್ಕೆ ಇಂಗ್ಲಿಷ್ ಹುಡುಕಿದರು. ನಮ್ಮ ಹುಡುಗರ ನೋಟಬುಕ್ಕಿನಲ್ಲಿ ಇಂಗ್ಲಿಷ್ ಮೊದಲು ಬರುತ್ತದೆ, ಕನ್ನಡ ಉತ್ತರ ಕೊಡಲು ನಿಂತಿರುತ್ತದೆ. ಹಾಗೆ ನಿಂತಾಗ ಅದರ ಬಾಯಿಗೆ ಒಂದೇ ಶಬ್ದ ಬರುತ್ತದೆ.

ಹುಡುಗನ ಪುಟದಲ್ಲಿ ಕೆಳಗೆ ಒಂದು ನುಡಿಗಟ್ಟೂ ಇತ್ತು. ಆಡಬಾರದ್ದನ್ನು ಆಡಿ ಮರ್ಯಾದೆ ಕಳೆದುಕೊಂಡವನ ಬಗ್ಗೆ ಇಂಗ್ಲಿಷಿನವರು ಹೇಳುವ ಮಾತು. ಅವನು "ಬಾಯಿಯಲ್ಲಿ ಕಾಲು ಇಟ್ಟುಕೊಂಡನು" ಅಂತ ಬರೆದಿದ್ದ. ಕಾಕಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ಬಾಯಿ ಬಿಟ್ರ ಬಣ್ಣಗೇಡು ಅಂತ ಬರಿಯೋ ನನ್ನಪ್ಪಾ."

ನನಗೆ ನಿಜಕ್ಕೂ ಸಂಕಟ ಆಗುವುದು ಬೇರೆ ಕಡೆ. ನಮ್ಮ ಅವ್ವನ ಹೆಸರು ಒಂದು ಕಾಗದದಲ್ಲಿ ತಪ್ಪಾಗಿ ಬಿದ್ದಿತ್ತು, ಒಂದು ಅಕ್ಷರ. ತಿದ್ದಿಸಲು ಅವಳನ್ನು ಕರೆದುಕೊಂಡು ಮೂರು ಸಲ ಹೋದೆ. ಕೌಂಟರಿನವರು "ಮಿಸ್ಟೇಕ್ ಆಗೇತಿ" ಅಂದರು, ಮಳೆ ಆಗೇತಿ ಅನ್ನುವ ಹಾಗೆ. "ತಪ್ಪಾತ್ರೀ ಯವ್ವಾ" ಅಂದಿದ್ದರೆ ಅವ್ವ ಅಲ್ಲೇ "ಇರ್ಲಿ ಬಿಡಪಾ" ಅನ್ನುತ್ತಿದ್ದಳು. ಮಿಸ್ಟೇಕ್ ಆತು ಅನ್ನುವವನ ತಲೆ ನೆಟ್ಟಗೇ ಇರುತ್ತದೆ. ತಪ್ಪಾತು ಅನ್ನಲು ತಲೆ ಸ್ವಲ್ಪ ಬಗ್ಗಬೇಕು. ದೇವರ ಮುಂದೆ ಗಲ್ಲ ಗಲ್ಲ ಬಡಿದುಕೊಳ್ಳುತ್ತ ಅನ್ನುವುದೂ ಅದೇ ಶಬ್ದ, ಹೊತ್ತ ಹರಕೆ ಮರೆತರೆ ಇಡುವುದೂ ತಪ್ಪುಗಾಣಿಕೆ.

ಅಷ್ಟರಲ್ಲಿ ಏಳಲು ಹೋದ ಹುಡುಗನ ಕಾಲು ನೋಟಬುಕ್ಕಿಗೆ ತಾಗಿತು. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಯಾರೂ ಹೇಳಿರಲಿಲ್ಲ.

ನಾಲ್ಕು ಶಬ್ದದ ಎದುರಿಗೆ ಬರೆದದ್ದನ್ನು ಹೊಡೆದು ಹಾಕಿ ಹೊಸದು ಬರೆದಿದ್ದ: ಬಾಯಿ ತಪ್ಪಿದ್ದು ಕೈ ತಪ್ಪಿದ್ದು, ಗೈರಸಮಜು, ಸಾಲು ತಪ್ಪಿದ್ದು, ಐಬು. ಬ್ಲಂಡರಿಗೆ ನಾನು ಎಡವಟ್ಟು ಅಂದೆ, ಕಾಕಿ ಭಾನಗಡಿ ಅಂದಳು. ಅವನು ಎರಡನ್ನೂ ಬರೆಯಲಿಲ್ಲ.

"ಅಜ್ಜ ಹೊಲದಿಂದ ಬರ್ಲಿ," ಅಂದ, "ಅಂವನ್ನ ಕೇಳಿ ಬರೀತೀನಿ."