ಹನ್ನೆರಡು ವೋಲ್ಟಿನ ಸಂಸಾರ

ಕಾರು ಕೊಳ್ಳುವಾಗ ನಮ್ಮ ಜನ ಮೈಲೇಜು ಎಷ್ಟು ಎಂದು ಕೇಳುತ್ತಾರೆ, ಬಣ್ಣ ಯಾವುದಿರಲಿ ಎಂದು ಮನೆಯಲ್ಲಿ ವಾರಗಟ್ಟಲೆ ಚರ್ಚಿಸುತ್ತಾರೆ, ಮನೆಗೆ ತರುವ ದಿನ ರಾಹುಕಾಲ ನೋಡುತ್ತಾರೆ. ಡ್ಯಾಶ್‌ಬೋರ್ಡಿನ ನಡುವೆ ಕೂತಿರುವ ಎ.ಸಿ. ಗುಂಡಿಗಳು ಏನೇನು ಮಾಡುತ್ತವೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಶೋರೂಮಿನ ಹುಡುಗ ಕೀಲಿ ಕೊಡುವ ದಿನ ಎಲ್ಲವನ್ನೂ ಪಟಪಟನೆ ಹೇಳುತ್ತಾನೆ ನಿಜ. ಆಗ ನಾವು ದೊಡ್ಡ ಕೀಲಿಯ ರಟ್ಟು ಹಿಡಿದು ಫೋಟೋಗೆ ನಿಂತಿರುತ್ತೇವೆ.

ಕಾಡುಗೋಡಿಯಲ್ಲಿ ಈ ಅಜ್ಞಾನವನ್ನು ಬಹಳ ದಿನ ಮುಚ್ಚಿಡಲಾಗುವುದಿಲ್ಲ. ಹೋಪ್ ಫಾರ್ಮ್ ಸಿಗ್ನಲ್ಲಿನಲ್ಲಿ ಮುಂದೆ ಕಂಟೇನರ್ ಲಾರಿ, ಪಕ್ಕದಲ್ಲಿ ನೀರಿನ ಟ್ಯಾಂಕರ್, ಹಿಂದೆ ಮೆಜೆಸ್ಟಿಕ್ಕಿನಿಂದ ಬಂದ 335ಇ ಬಸ್ಸು. ಮೂರರ ಹೊಗೆಯೂ ಕಾರಿನೊಳಗೆ ಬಂದು ಕೂರುತ್ತದೆ. ಅದನ್ನು ತಡೆಯಲೆಂದೇ ಒಂದು ಗುಂಡಿಯಿದೆ: ಕಾರಿನ ಚಿತ್ರ, ಅದರ ಹೊಟ್ಟೆಯಲ್ಲಿ ಸುತ್ತಿ ತಿರುಗಿದ ಬಾಣ. ಒತ್ತಿದರೆ ಹೊರಗಿನ ಗಾಳಿ ಬಂದ್, ಒಳಗಿನದೇ ತಿರುಗಾಡುತ್ತಿರುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಒಬ್ಬರು ಅದು ಯೂ-ಟರ್ನಿಗೆ ಸಂಬಂಧಪಟ್ಟದ್ದೆಂದು ತಿಳಿದು, ಪೊಲೀಸರ ಉಸಾಬರಿ ಬೇಡವೆಂದು, ಇದುವರೆಗೂ ಮುಟ್ಟಿಲ್ಲ. ಇನ್ನೊಬ್ಬರು ಕಾರು ಕೊಂಡ ದಿನ ಒತ್ತಿದ್ದು ಮತ್ತೆ ಬಿಟ್ಟಿಲ್ಲ. ಐದು ಜನ ಬಿಟ್ಟ ಉಸಿರನ್ನೇ ಐದು ಜನವೂ ಎಳೆದುಕೊಂಡರೆ ಇಂಗಾಲದ ಡೈಆಕ್ಸೈಡ್ ಏರಿ ಎಲ್ಲರಿಗೂ ತೂಕಡಿಕೆ ಬರುತ್ತದೆ. ಅವರ ಮನೆಯವರು ಕೋಲಾರ ತಲುಪುವಷ್ಟರಲ್ಲಿ ಪ್ರತಿಸಲವೂ ನಿದ್ದೆ ಹೋಗಿರುತ್ತಾರೆ. ತಮ್ಮ ಡ್ರೈವಿಂಗ್ ಅಷ್ಟು ನಯ ಎಂದು ಅವರ ನಂಬಿಕೆ.

ನಮ್ಮ ಕಾರಿನ ಸಮಸ್ಯೆ ಬೇರೆ. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ. ಆಕೆಗೆ ಜನವರಿಯಲ್ಲೂ ಸೆಕೆ. ಹಿಂದಿನ ಸೀಟಿನಲ್ಲಿ ಮಾವನವರು, ಮಫ್ಲರ್ ಸುತ್ತಿ, ಎರಡೂ ಕಿವಿಗೆ ಹತ್ತಿಯಿಟ್ಟು. ಆಕೆ ಕೈಚಾಚಿ ತಿರುಪನ್ನು ನೀಲಿಯ ಕೊನೆಗೆ ತಳ್ಳುತ್ತಾಳೆ. ಹಿಂದಿನಿಂದ "ಅಳಿಯಂದ್ರೇ, ಸ್ವಲ್ಪ ನೋಡ್ಕೊಳ್ಳಿ" ಎಂದು ಕ್ಷೀಣ ದನಿ ಬರುತ್ತದೆ. ನಾನು ತಿರುಪನ್ನು ಕೆಂಪಿನ ಕಡೆ ಅರ್ಧ ತಿರುಗಿಸುತ್ತೇನೆ. ಆಗ ಆಗುವುದೇನು ಗೊತ್ತೇ? ಸಾಮಾನ್ಯ ಕಾರುಗಳಲ್ಲಿ ಎ.ಸಿ. ಗಾಳಿಯನ್ನು ತಣ್ಣಗೆ ಮಾಡುತ್ತಲೇ ಇರುತ್ತದೆ. ಇಂಜಿನ್ನಿನ ಬಿಸಿನೀರು ಹರಿಯುವ ಹೀಟರಿನ ಮೇಲೆ ಅದೇ ಗಾಳಿಯನ್ನು ಒಂದಿಷ್ಟು ಹಾಯಿಸಿ ಮತ್ತೆ ಬೆಚ್ಚಗೆ ಮಾಡಲಾಗುತ್ತದೆ. ಮಗಳಿಗಾಗಿ ತಂಪು, ಅಪ್ಪನಿಗಾಗಿ ಬಿಸಿ, ಎರಡಕ್ಕೂ ಪೆಟ್ರೋಲು ಅಳಿಯನದು. ಫ್ಯಾನಿನ ವೇಗ ಇಳಿಸಿದ್ದರೆ ಅಥವಾ ಗಾಳಿಯ ಕಿಂಡಿಯನ್ನು ಆಚೆ ತಿರುಗಿಸಿದ್ದರೆ ಸಾಕಿತ್ತು ಎನ್ನುವುದು ಪುಸ್ತಕದ ಮಾತು. ಕಿಂಡಿ ಯಾರ ಕಡೆಗೆ ಎಂಬುದರ ಮೇಲೆ ಇನ್ನೊಂದು ಸುತ್ತು ಶುರುವಾಗುತ್ತದೆ.

ಮಾವನವರು ಅಂಬಾಸಡರ್ ಓಡಿಸಿದವರು. ಮುಂಬಾಗಿಲಿನ ತ್ರಿಕೋನದ ಗಾಜನ್ನು ಹೊರಕ್ಕೆ ಓರೆ ಮಾಡಿದರೆ ಗಾಳಿ ನೇರ ಮುಖಕ್ಕೆ. ಅವರ ಕಾಲದ ಎ.ಸಿ. ಅಷ್ಟೇ. ಅವರ ಸಮಾಧಾನಕ್ಕೆ ನಾನೊಂದು ಕಥೆ ಹೇಳುವುದುಂಟು. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಯ ಕಾರಿಗೆ ಎ.ಸಿ. ಕೂರಿಸಿ ಮಾರಿತು. ಯಂತ್ರ ಡಿಕ್ಕಿಯ ಅರ್ಧ ಜಾಗ ನುಂಗಿತ್ತು, ಹದ ಕಾಯುವ ಥರ್ಮೋಸ್ಟಾಟ್ ಇರಲಿಲ್ಲ. ಚಳಿ ಸಾಕೆನಿಸಿದರೆ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಬಾನೆಟ್ ಎತ್ತಿ ಕಂಪ್ರೆಸರಿನ ಬೆಲ್ಟನ್ನು ಕೈಯಾರೆ ಬಿಚ್ಚಬೇಕಿತ್ತು. ಎರಡು ವರ್ಷಕ್ಕೇ ಕಂಪನಿ ಅದನ್ನು ಕೈಬಿಟ್ಟಿತು. "ಪುಣ್ಯಾತ್ಮರು, ಬಿಚ್ಚೋದಕ್ಕಾದ್ರೂ ಬಿಟ್ಟಿದ್ರಲ್ಲ" ಎಂದರು ಮಾವ.

ಇನ್ನು ಮಳೆ. ಸಂಜೆ ಐದಕ್ಕೆ ಬೆಳತೂರಿನ ಕಡೆ ಮೋಡ ಕಟ್ಟಿದರೆ, ಚನ್ನಸಂದ್ರ ದಾಟುವ ಹೊತ್ತಿಗೆ ಮುಂದಿನ ಗಾಜೆಲ್ಲ ಹಾಲುಹಾಲು. ನಮ್ಮ ಉಸಿರಿನ ತೇವ ತಣ್ಣನೆಯ ಗಾಜಿನ ಒಳಮೈಗೆ ಅಂಟಿ ಮಂಜಾಗುತ್ತದೆ. ಒರೆಸಲು ಕಾರಿನಲ್ಲಿ ಇಲ್ಲದ ಬಟ್ಟೆಯಿಲ್ಲ: ಕರ್ಚೀಫು, ದುಪಟ್ಟಾ, ಒಮ್ಮೆ ದೇವಸ್ಥಾನದಲ್ಲಿ ಹೊದಿಸಿದ ಶಾಲು. ಒರೆಸಿದಷ್ಟೂ ಗೆರೆ. ಇದಕ್ಕೆ ಮದ್ದು ಎ.ಸಿ.ಯೇ. ತಂಪಿಗಿಂತ ಹೆಚ್ಚಾಗಿ ಅದು ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ಬಾಣದ ಗುಂಡಿ ಬಿಟ್ಟು ಹೊರಗಾಳಿ ಬರಲಿ, ಗಾಳಿಯನ್ನು ಮುಂದಿನ ಗಾಜಿಗೆ ಹಾಯಿಸಿ, ಎ.ಸಿ. ಹಾಕಿ; ಚಳಿಯಾದರೆ ತಿರುಪನ್ನು ಕೆಂಪಿಗೆ ಸರಿಸಿ. ಮಳೆಯಲ್ಲಿ ಎ.ಸಿ.ಯನ್ನೂ ಹೀಟರನ್ನೂ ಒಟ್ಟಿಗೆ ಹಾಕುವುದು ಬುದ್ಧಿವಂತಿಕೆ ಎಂದು ಮಾವನವರಿಗೆ ಒಪ್ಪಿಸಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಒರೆಸಿದರೂ ಹೋಗದ ಮಂಜು ಗಾಜಿನ ಹೊರಮೈಯಲ್ಲಿದ್ದರೆ ಒಳಗೆ ತಂಪು ಹೆಚ್ಚಾಗಿದೆ ಎಂದರ್ಥ. ಆಗ ವೈಪರ್ ಸಾಕು. ಅಂದಹಾಗೆ, ಮಳೆ ಬಿದ್ದ ತಕ್ಷಣ ನಾಲ್ಕೂ ಇಂಡಿಕೇಟರ್ ಮಿಣಮಿಣ ಮಾಡಿಕೊಂಡು ಓಡುವವರಿಗೆ ಒಂದು ನಮಸ್ಕಾರ. ಅದು ನಿಂತ ಗಾಡಿಯ ಗುರುತು. ಹಿಂದಿದ್ದವನಿಗೆ ನೀವು ಎಡಕ್ಕೋ ಬಲಕ್ಕೋ, ಪರಲೋಕಕ್ಕೋ ತಿಳಿಯುವುದಿಲ್ಲ.

ಮೇಲೆ ಇಷ್ಟೆಲ್ಲ ರಾಜಕೀಯ ನಡೆಯುವಾಗ, ಬಾನೆಟ್ಟಿನ ಕೆಳಗೆ ಒಂದು ಕಪ್ಪು ಡಬ್ಬಿ ಮಾತಿಲ್ಲದೆ ಕೂತಿರುತ್ತದೆ. ಒಳಗೆ ಆರು ಮನೆ, ಒಂದೊಂದು ಮನೆಯ ಗಳಿಕೆ ಎರಡು ವೋಲ್ಟ್ ಚಿಲ್ಲರೆ. ಆರನ್ನೂ ಕೂಡಿಸಿ ಹನ್ನೆರಡು. ಇಂಜಿನ್ ಓಡುವಾಗ ಆಲ್ಟರ್ನೇಟರ್ ದುಡಿಯುತ್ತದೆ, ಖರ್ಚು ತೂಗುತ್ತದೆ. ಇಂಜಿನ್ ಆರಿಸಿ ಕೀಲಿಯನ್ನು ಅರ್ಧ ತಿರುಗಿಸಿಟ್ಟು ಕೂತಿರೋ, ಎಲ್ಲವೂ ಉಳಿತಾಯದ ಹಣದಿಂದ. 2023ರ ಮಾರ್ಚಿನಲ್ಲಿ ಕಾಡುಗೋಡಿಗೆ ಮೆಟ್ರೋ ಬಂದ ಮೇಲೆ ಸ್ಟೇಷನ್ನಿನ ಹೊರಗೆ ಈ ದೃಶ್ಯ ದಿನವೂ ಉಂಟು: ಮನೆಯವರನ್ನು ಕರೆದೊಯ್ಯಲು ಬಂದವರು ಪೆಟ್ರೋಲು ಉಳಿಸಲು ಇಂಜಿನ್ ಆರಿಸಿ, ಫ್ಯಾನು ಜೋರು ಮಾಡಿ, ಹಾಡು ಹಾಕಿಕೊಂಡು ಕೂತಿರುತ್ತಾರೆ. ಕಂಪ್ರೆಸರ್ ನಿಂತಿರುವುದರಿಂದ ಬರುವುದು ಬಿಸಿಗಾಳಿ. ಮನೆಯವರು ಬಂದು ಕೂತ ಮೇಲೆ ಸೆಲ್ಫ್ ಹೊಡೆದರೆ ಟಕ್ ಟಕ್ ಟಕ್. 2020ರ ಲಾಕ್‌ಡೌನಿನಲ್ಲಂತೂ ನಿಂತಲ್ಲೇ ನಿಂತು ಸತ್ತ ಬ್ಯಾಟರಿಗಳಿಗೆ ಲೆಕ್ಕವಿಲ್ಲ. ಬೀಗ ಹಾಕಿದ ಕಾರೂ ಅಲಾರಂ, ಗಡಿಯಾರ ಎಂದು ಒಂದಿಷ್ಟು ತಿನ್ನುತ್ತಲೇ ಇರುತ್ತದೆ.

ಆದರೂ ಬ್ಯಾಟರಿಗೆ ನಿಜವಾದ ಗಂಡಾಂತರ ಆಯುಧಪೂಜೆ. ಕಾರು ತೊಳೆದು, ನಾಲ್ಕೂ ಬಾಗಿಲು ತೆರೆದಿಟ್ಟು, ಒಳಗಿನ ದೀಪ ಉರಿಯುತ್ತಿರುವಂತೆಯೇ ಅರಿಶಿನ ಕುಂಕುಮ ಇಟ್ಟು, ಮಕ್ಕಳು ಹಾಡು ಹಾಕಿ, ಬೂದುಗುಂಬಳ ಒಡೆಯುವ ಹೊತ್ತಿಗೆ ರಾತ್ರಿ. ಕಳೆದ ದಸರೆಗೆ ವಿಜಯದಶಮಿಯ ಬೆಳಿಗ್ಗೆ ನಮ್ಮ ಬೇಸ್‌ಮೆಂಟಿನಲ್ಲಿ ಮೂರನೇ ಮಹಡಿಯವರ ಕಾರು ಮಿಸುಕಲಿಲ್ಲ. ಕುಂಕುಮ ಎ.ಸಿ. ಕಿಂಡಿಯ ಒಳಕ್ಕೂ ಇಳಿದಿತ್ತು, ಚಕ್ರದಡಿಯ ನಿಂಬೆಹಣ್ಣು ಹಾಗೇ ಇತ್ತು. ಹತ್ತು ನಿಮಿಷದಲ್ಲಿ ಸುತ್ತ ಒಂದು ಸಮಿತಿ ನೆರೆಯಿತು. ಜಗತ್ತಿನ ಅರ್ಧ ಬ್ಯಾಂಕುಗಳ ಸರ್ವರುಗಳನ್ನು ನಿದ್ದೆಗೆಟ್ಟು ಕಾಯುವ ಮಹನೀಯರು ಅಲ್ಲಿದ್ದರು. ಒಬ್ಬರು ಬಾಗಿಲು ಹಾಕಿ ತೆಗೆದು ನೋಡೋಣ ಎಂದರು. ಒಬ್ಬರು ಸಹಾಯವಾಣಿಗೆ ಫೋನ್ ಮಾಡಿದರು. ಲೊಕೇಶನ್ ಕಳಿಸಿ ಅಂದರಂತೆ, ಬೇಸ್‌ಮೆಂಟಿನಲ್ಲಿ ಸಿಗ್ನಲ್ಲಿಲ್ಲ. ನಮ್ಮ ಮಾವ ಮುಂದೆ ಬಂದರು. "ಎಲ್ಲರೂ ತಳ್ಳಿ. ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡಿ, ಎತ್ಕೊಳ್ಳುತ್ತೆ."

"ಅಂಕಲ್, ಇದು ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ."

"ಕ್ಲಚ್ಚಿಲ್ಲದ ಮೇಲೆ ಅದು ಕಾರು ಹೇಗಾಗುತ್ತೆ?" ಮಾವ ನನ್ನ ಕಡೆ ನೋಡಿದರು, ನಾನೇ ಬಿಚ್ಚಿಟ್ಟುಕೊಂಡವನೆಂಬಂತೆ.

ಅಷ್ಟರಲ್ಲಿ ಸಂಪಿಗೆ ಪೈಪು ಇಳಿಬಿಟ್ಟ ಟ್ಯಾಂಕರಿನ ಡ್ರೈವರ್, ನೀರು ತುಂಬುವವರೆಗೆ ಹೊತ್ತು ಹೋಗಲೆಂದು ಕೆಳಗಿಳಿದು ಬಂದ. ಸಮಿತಿಗೆ ಕಣ್ಣು ಬಂದಂತಾಯಿತು: ಇಷ್ಟು ದೊಡ್ಡ ಲಾರಿ, ಅದರ ಬ್ಯಾಟರಿಯಿಂದಲೇ ಕರೆಂಟು ಕೊಡಿಸಿದರಾಯಿತಲ್ಲ! ಆತ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ ಸಾ. ನಮ್ದು ಎರಡು ಬ್ಯಾಟ್ರಿ, 24 ವೋಲ್ಟು. ನಿಮ್ದು 12. ಕೊಟ್ರೆ ಒಳಗಿರೋ ಕಂಪ್ಯೂಟ್ರು ಹೊಗೆ ಆಗೋಯ್ತದೆ. ಇನ್ನೊಂದು ಕಾರು ತನ್ನಿ, ವೈರ್ ಇದ್ರೆ ತನ್ನಿ."

ವೈರು ನನ್ನ ಡಿಕ್ಕಿಯಲ್ಲಿತ್ತು. ನನ್ನ ಕಾರನ್ನು ಎದುರು ತಂದು, ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಇಂಜಿನ್ ಆರಿಸಿದೆ. ಆತ ಬೀಡಿಯನ್ನು ಹೊರಗೇ ಎಸೆದು ಬಂದು ಕೈ ತೋರಿಸುತ್ತ ಹೇಳಿದ: "ಮೊದ್ಲು ಕೆಂಪು, ಸತ್ತಿರೋ ಬ್ಯಾಟ್ರಿ ಪ್ಲಸ್ಸಿಗೆ. ಅದರ ಇನ್ನೊಂದು ತುದಿ ಒಳ್ಳೇ ಬ್ಯಾಟ್ರಿ ಪ್ಲಸ್ಸಿಗೆ. ಕಪ್ಪು, ಒಳ್ಳೇದರ ಮೈನಸ್ಸಿಗೆ. ಕೊನೇ ಕ್ಲಿಪ್ಪು ಐತಲ್ಲ, ಅದನ್ನ ಮಾತ್ರ ಬ್ಯಾಟ್ರಿಗೆ ಹಾಕ್ಬೇಡಿ. ದೂರ, ಬಣ್ಣ ಇಲ್ದಿರೋ ಇಂಜಿನ್ ಕಬ್ಬಿಣಕ್ಕೆ ಕಚ್ಚಿಸಿ." ಕೊನೆಯ ಕ್ಲಿಪ್ಪಿಗೆ ಕಿಡಿ ಹಾರುವುದು ಸಹಜ, ಬ್ಯಾಟರಿಯ ಮೂತಿಯ ಬಳಿ ಹೈಡ್ರೋಜನ್ ಅನಿಲ ಸೇರಿರಬಹುದು. ಕಿಡಿಯೂ ಅನಿಲವೂ ಅಲ್ಲಿ ಭೇಟಿಯಾಗಬಾರದು. ನನ್ನ ಇಂಜಿನ್ ಕೆಲ ನಿಮಿಷ ಓಡಿದ ಮೇಲೆ ಅವರ ಸೆಲ್ಫ್ ಹೊಡೆದರು. ಕಾರು ಕೆಮ್ಮಿ ಎದ್ದಿತು, ನಿಂಬೆಹಣ್ಣು ಪಚಕ್ಕೆಂದಿತು. ಕ್ಲಿಪ್ಪುಗಳನ್ನು ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ತೆಗೆದೆವು. ಡ್ರೈವರ್ ಟರ್ಮಿನಲ್ಲಿನ ಮೇಲಿನ ಬಿಳಿಹಸಿರು ಪುಡಿಯನ್ನು ತೋರಿಸಿ, "ಇದನ್ನ ತೊಳ್ದು ವ್ಯಾಸಲೀನ್ ಹಚ್ಚಿ. ಈಗ ಆಫ್ ಮಾಡ್ಬೇಡಿ, ಹೊಸಕೋಟೆವರೆಗೂ ಓಡ್ಸ್ಕೊಂಡು ಬನ್ನಿ" ಎಂದು ಪೈಪು ಸುತ್ತಲು ಹೋದ. ಸರ್ವರಿನವರು ಅದನ್ನು ಫೋನಿನಲ್ಲಿ ಬರೆದುಕೊಂಡರು.

ಫ್ಯೂಸಿನ ವಿಷಯದಲ್ಲಿ ಮಾತ್ರ ಮಾವನವರಿಗೂ ನನಗೂ ರಾಜಿಯಾಗಿಲ್ಲ. ಚಾರ್ಜರಿನ ಸಾಕೆಟ್ಟೋ ಹಾರ್ನೋ ಇದ್ದಕ್ಕಿದ್ದಂತೆ ಸತ್ತರೆ ಸ್ಟಿಯರಿಂಗಿನ ಕೆಳಗಿನ ಡಬ್ಬಿ ತೆಗೆದು ನೋಡಬೇಕು. ಕೆಂಪು ಹತ್ತು ಆಂಪಿಯರು, ನೀಲಿ ಹದಿನೈದು, ಹಳದಿ ಇಪ್ಪತ್ತು. ಸುಟ್ಟದ್ದು ಯಾವ ಬಣ್ಣವೋ ಅದೇ ಬಣ್ಣ ಹಾಕಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತಿ ಶಿವಮೊಗ್ಗದಿಂದ ಮನೆವರೆಗೆ ಬಂದಿದ್ದೆ ಎಂದು ಮಾವ ಈಗಲೂ ಹೇಳುತ್ತಾರೆ. ಬೆಳ್ಳಿಕಾಗದ ಸುಡುವುದಿಲ್ಲ ನಿಜ, ಅದರ ಬದಲಿಗೆ ವೈರು ಸುಡುತ್ತದೆ.

ಎಲೆಕ್ಟ್ರಿಕ್ ಕಾರು ಕೊಂಡವರು ಇದೆಲ್ಲ ಹಳೆಯ ಕಾಲದ ಗೋಳು ಎಂದು ನಗಬೇಡಿ. ನೆಲದಡಿ ಅಷ್ಟು ದೊಡ್ಡ ಬ್ಯಾಟರಿಯಿದ್ದರೂ, ಬಾಗಿಲಿನ ಬೀಗ ತೆಗೆಯಲು, ಆ ದೊಡ್ಡದನ್ನು ಎಬ್ಬಿಸಲು ಅಲ್ಲಿಯೂ ಹೆಚ್ಚಾಗಿ ಅದೇ 12 ವೋಲ್ಟಿನ ಡಬ್ಬಿಯೇ ಬೇಕು. ಅದು ಕುಸಿದರೆ ನೂರಾರು ಕಿಲೋಮೀಟರಿನ ಚಾರ್ಜು ಒಳಗೆ, ಯಜಮಾನರು ಹೊರಗೆ.

ಆ ವಿಜಯದಶಮಿಯಿಂದ ನನ್ನ ವೈರಿಗೆ ಬಹಳ ಬೇಡಿಕೆ. ಮೂರನೇ ಮಹಡಿಯವರಿಂದ ಬಿ ಬ್ಲಾಕಿಗೆ, ಅಲ್ಲಿಂದ ಯಾರದೋ ಭಾವಮೈದುನನ ಜೊತೆ ಬೆಳತೂರಿಗೆ ಹೋದದ್ದು ಗೊತ್ತು; ಮುಂದಿನ ಸುಳಿವಿಲ್ಲ. ಕಪ್ಪು ಕ್ಲಿಪ್ಪಿನ ಹಿಡಿಗೆ ಹಳದಿ ಟೇಪು ಸುತ್ತಿದೆ. ಯಾರ ಡಿಕ್ಕಿಯಲ್ಲಿದ್ದರೂ ನಮ್ಮ ಗೇಟಿನ ಸೆಕ್ಯುರಿಟಿ ಹತ್ತಿರ ಕೊಟ್ಟು ಹೋಗಿ, ಇಷ್ಟು ದಿನ ಯಾಕೆ ಇಟ್ಟುಕೊಂಡಿರಿ ಎಂದು ಕೇಳುವುದಿಲ್ಲ.